ಅಣ್ಣನ ಪದಬಂಧ ನಾನು ತುಂಬಿದ ಐದು ತಿಂಗಳು

ನನ್ನ ಅಣ್ಣನ ತಲೆಯಿಂದ ಶಬ್ದಗಳು ಒಂದೊಂದಾಗಿ ಹೋಗುತ್ತಿವೆ ಎಂಬುದು ಐದು ತಿಂಗಳ ಕಾಲ ನನ್ನೊಬ್ಬಳಿಗೇ ಗೊತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ಅವನ ಹೆಂಡತಿಗೆ ಹೇಳಲಿಲ್ಲ, ಅವ್ವನಿಗೆ ಹೇಳಲಿಲ್ಲ, ಎದುರಿಗೆ ಕೂತು ಕೇಳಿದ ಡಾಕ್ಟರಿಗೆ ಸುಳ್ಳು ಹೇಳಿದೆ. ಆ ಐದು ತಿಂಗಳಲ್ಲಿ ನಮ್ಮ ಮನೆಯಲ್ಲಿ ಒಂದು ಹಲ್ಲು ಮುರಿಯಿತು, ಒಂದು ಅಂಗೈ ಸುಟ್ಟಿತು, ಒಂದು ಮಣಿಕಟ್ಟು ಮುರಿಯಿತು. ಅದನ್ನು ಮುರಿದವಳು ನಾನು. ಅದನ್ನೂ ಹೇಳದೆ ಒಂದು ವರ್ಷ ಕಳೆದೆ.

ನಾನು ಐದನೇ ಇಯತ್ತೆ ಓದಿದವಳು, ಹೆಸರು ಶರಣವ್ವ. ಗಂಡ ತೀರಿಕೊಂಡ ಮೇಲೆ ಮಟಕಿಯಿಂದ ಆಳಂದಕ್ಕೆ, ಅಣ್ಣನ ಮನೆಗೆ ಬಂದೆ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತೇನೆ. ಅಣ್ಣ ಚನ್ನಬಸಪ್ಪ ತಹಸೀಲ ಕಚೇರಿಯ ಮುಂದೆ ಮೇಜು ಹಾಕಿಕೊಂಡು ಅರ್ಜಿ, ಖರೀದಿ ಪತ್ರ, ಆಸ್ತಿ ಪಾಲು ಮಾಡುವ ವಾಟ್ನಿ ಪತ್ರ ಬರೆಯುತ್ತಿದ್ದ. ಊರಿಗೆಲ್ಲ ಅವನು ರೈಟರ್. ಮನೆಯಲ್ಲಿ ಅವ್ವ, ಅಣ್ಣನ ಹೆಂಡತಿ ಸುವರ್ಣಾ ವೈನಿ, ನಾನು. ಅವರಿಗೆ ಮಕ್ಕಳಿಲ್ಲ.

ನಮ್ಮಿಬ್ಬರಿಗೆ ಒಂದು ರೂಢಿ ಇತ್ತು. ಬೆಳಿಗ್ಗೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಅಣ್ಣ ಪೇಪರ್ ಹಿಡಿದು ಹತ್ತಿರ ಕೂತು ಪದಬಂಧ ಓದುತ್ತಿದ್ದ. ಆ ಪೇಪರಿನ ಪದಬಂಧ ಬಲು ಬಿರುಸು. ಪುರಾಣ, ಸಂಸ್ಕೃತ, ಕಾನೂನು ಅವನ ಪಾಲು. ಹೊಲ, ಅಡಿಗೆ, ಬೀಗತನ, ದನದ ರೋಗ ನನ್ನ ಪಾಲು.

"ನೊಗಕ್ಕ ಎತ್ತಿನ ಕೊರಳು ಕಟ್ಟೋ ಪಟ್ಟಿ, ಮೂರಕ್ಷರ."

"ಜತ್ತಿಗೆ."

"ನೋಡು, ಬಿ.ಎ. ಓದಿದ್ರೂ ನನಗ ಹೊಳೀಲಿಲ್ಲ."

"ಬಿ.ಎ. ಓದಿದವ್ರು ಎತ್ತು ಯಾವಾಗ ಕಟ್ಟ್ಯಾರ? ಮುಂದಿಂದು ಓದು, ರೊಟ್ಟಿ ಸೀಯ್ತದ."

ಮನೆಯಲ್ಲಿ ಉತ್ತರ ಹುಡುಕಿ, ಹತ್ತು ಗಂಟೆಗೆ ಮೇಜಿನ ಮೇಲೆ ಪೇಪರ್ ಹರಡಿ, ಎಲ್ಲರೆದುರು ಪೆನ್ನಿನಲ್ಲಿ ತುಂಬುತ್ತಿದ್ದ. ಒಂದು ಅಕ್ಷರ ಹೊಡೆದುಹಾಕುತ್ತಿರಲಿಲ್ಲ. ವಕೀಲರು, ಛಾಪಾ ಕಾಗದ ಮಾರುವವರು ಬಂದು ಇಣುಕಿ, "ರೈಟರ್ ಸಾಹೇಬ್ರ, ಇವತ್ತಿಂದು ಆತೇನ್ರಿ?" ಎಂದು ಕೇಳುತ್ತಿದ್ದರು. ತುಂಬಿದ ಪದಬಂಧವೇ ಅವನ ಬೋರ್ಡು. ಇಷ್ಟು ಶಬ್ದ ಗೊತ್ತಿದ್ದವನ ಕೈಯಲ್ಲಿ ಪತ್ರ ಬರೆಸಿದರೆ ಕೋರ್ಟಿನಲ್ಲಿ ಬೀಳುವುದಿಲ್ಲ ಎಂದು ಜನ ನಂಬಿದ್ದರು.

ತೊಗರಿ ಹೂ ಬಿಟ್ಟ ಕಾಲ. ಅವತ್ತು ಅವನು, "ತೆರೆಯೋದು ಇದನ್ನೇ, ಮುಚ್ಚೋದು ಇದನ್ನೇ, ಮೂರಕ್ಷರ" ಎಂದು ಓದಿದ. ನಾನು ಹಂಚಿನ ಮೇಲಿನ ರೊಟ್ಟಿ ತಿರುವಿದೆ. ಇಷ್ಟು ಸುಲಭದ್ದನ್ನು ಅವನು ನನಗೆ ಕೇಳುವುದೇ ಇಲ್ಲ. ತಲೆ ಎತ್ತಿದರೆ ಅವನು ನಮ್ಮ ಬಾಗಿಲನ್ನೇ ನೋಡುತ್ತಿದ್ದ. ಬೆರಳು ಮಾಡಿ ತೋರಿಸಿದ. "ಅದು. ಅದಕ್ಕೇನಂತಾರ? ಅದು." ಹಣೆಯ ಮೇಲೆ ಬೆವರು ಬಂದಿತ್ತು.

"ಬಾಗಿಲು" ಎಂದೆ. "ಚಾಷ್ಟಿ ಮಾಡ್ತಿಯೇನು ಮುಂಜಾನೆ ಮುಂಜಾನೆ?"

ಅವನು ಕೈಯಲ್ಲಿದ್ದ ಚಹಾ ಬಟ್ಟಲನ್ನು ಗೋಡೆಗೆ ಬೀಸಿ ಒಗೆದ. ಚೂರೊಂದು ನನ್ನ ಹುಬ್ಬಿಗೆ ಬಡಿದು ರಕ್ತ ಬಂತು. ನಮ್ಮ ಅಣ್ಣ ನನ್ನ ಮೇಲೆ ಧ್ವನಿ ಎತ್ತಿದವನೂ ಅಲ್ಲ. ಮರುಗಳಿಗೆ ತನ್ನ ಧೋತರದ ಚುಂಗಿನಿಂದ ನನ್ನ ಹುಬ್ಬು ಒತ್ತಿ ಹಿಡಿದು ಅಳತೊಡಗಿದ. ಎಂಟು ದಿನದಿಂದ ಹೀಗಾಗುತ್ತಿದೆಯಂತೆ. ಹೆಸರು ಬರುವುದಿಲ್ಲ. ಹಳೇ ಪತ್ರ ಎದುರಿಗಿಟ್ಟುಕೊಂಡು ನಕಲು ಮಾಡಿ ದಿನ ನೂಕುತ್ತಿದ್ದಾನಂತೆ.

"ದವಾಖಾನಿಗೆ ಹೋಗಮು ನಡಿ" ಎಂದೆ.

ಅವನು ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈ ಮೇಲಿಟ್ಟುಕೊಂಡ. "ಇದರ ಮ್ಯಾಲ ಕೈ ಇಡು. ಯಾರಿಗೂ ಹೇಳಂಗಿಲ್ಲ ಅನ್ನು. ಬರಿಯೋ ಮನಷ್ಯಾಗ ಶಬ್ದ ಬರವಲ್ದು ಅಂದ್ರ ಯಾರು ಬಂದು ಕೂಡ್ತಾರ ನನ್ನ ಮುಂದ? ನೀ ಉತ್ತರ ಬರದು ಕೊಡು. ನಾ ನೋಡಿ ತುಂಬತೇನಿ. ಅಷ್ಟು ಮಾಡು."

ನಾನು ಹಿಟ್ಟಿನ ಕೈ ತೊಳೆದು ಬಂದು ಲಿಂಗದ ಮೇಲೆ ಇಟ್ಟೆ.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ನಾನು ಒಂದು ಚೀಟಿಯಲ್ಲಿ ನನ್ನ ಸೊಟ್ಟ ಅಕ್ಷರದಲ್ಲಿ ಉತ್ತರ ಬರೆದು ಅವನ ಅಂಗಿಯ ಕಿಸೆಗೆ ಹಾಕುತ್ತಿದ್ದೆ. ಅವನು ಮೇಜಿನ ಮೇಲೆ ಅದನ್ನು ಕದ್ದು ನೋಡಿ ತುಂಬುತ್ತಿದ್ದ. ಆದರೆ ಅವನ ಪಾಲಿನ ಶಬ್ದಗಳು ನನಗೆಲ್ಲಿಂದ ಬರಬೇಕು? ಜೇವರ್ಗಿಯಲ್ಲಿ ಸುಮಿತ್ರಾ ಟೀಚರ್ ಇದ್ದರು. ನಾನು ಅಜ್ಜಿಯ ಮನೆಯಲ್ಲಿದ್ದು ಐದನೇ ಇಯತ್ತೆವರೆಗೆ ಅವರ ಹತ್ತಿರ ಕಲಿತೆ. ಈಗ ರಿಟಾಯರ್ ಆಗಿದ್ದಾರೆ. ನನ್ನನ್ನು ಶಾಲೆ ಬಿಡಿಸಿದಾಗ ಮನೆತನಕ ಬಂದು ನಮ್ಮಪ್ಪನಿಗೆ ಕೈ ಮುಗಿದವರು ಅವರು. ಅಪ್ಪ, "ಇಬ್ಬರಿಗೂ ಓದ್ಸಾಕ ಆಗಂಗಿಲ್ರಿ, ಗಂಡು ಓದ್ಲಿ" ಅಂದಿದ್ದ. ನನ್ನ ಪಾಟಿಚೀಲವನ್ನು ಅಣ್ಣನೇ ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೋಗಿದ್ದ.

ಟೀಚರಿಗೆ ದಿನಾ ಫೋನು ಮಾಡತೊಡಗಿದೆ. ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ರೊಟ್ಟಿ ಬಡಿಯುತ್ತ ಸುಳಿವು ಓದುತ್ತಿದ್ದೆ.

"ಬಾಣ ಇಡೂ ಚೀಲರೀ ಟೀಚರ್, ನಾಕಕ್ಷರ."

"ಬತ್ತಳಿಕೆ. ಶರಣವ್ವ, ಇದು ನಿಮ್ಮಣ್ಣಗ ಬರಂಗಿಲ್ಲೇನು?"

"ಅವ ಪ್ಯಾಟಿಗೆ ಹೋಗ್ಯಾನ್ರಿ. ನಾನೇ ಬಿಡಸಾಕತ್ತೇನ್ರಿ."

"ದಿನಾ ಪ್ಯಾಟಿಗೇ ಹೋಗ್ತಾನೇನವ? ಖರೆ ಹೇಳು, ಏನಾಗ್ಯದ ಅವಗ?"

"ಏನಿಲ್ರಿ. ಆರಾಮ ಇದ್ದಾನ."

ಎರಡು ಸಲ ಕೇಳಿದರು. ಎರಡು ಸಲವೂ ಹೀಗೇ ಹೇಳಿದೆ. ಆಣೆ ಇತ್ತು, ನಿಜ. ಆದರೆ ಆಣೆಯೊಂದೇ ಆಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ನನಗೆ ಸಂತೋಷವಾಗುತ್ತಿತ್ತು. ಬಿ.ಎ. ಓದಿದ ಅಣ್ಣ, ಶಾಲೆ ಬಿಡಿಸಿದ ನನ್ನ ಮುಂದೆ ಚೀಟಿಗಾಗಿ ಕೈ ಚಾಚಿ ನಿಲ್ಲುತ್ತಿದ್ದ. ಆಳಂದದ ವಕೀಲರು ಮೆಚ್ಚಿಕೊಳ್ಳುತ್ತಿದ್ದ ಪದಬಂಧ ನನ್ನದಾಗಿತ್ತು. ಅವನ ಹತ್ತಿರ ಶಬ್ದ ಕಡಿಮೆಯಾದಷ್ಟೂ ನಾನು ದೊಡ್ಡವಳಾಗುತ್ತಿದ್ದೆ. ಅದು ಹಾಗೇ ಇತ್ತು.

ಇತ್ತ ಅವನ ಸಿಟ್ಟು ಬೆಳೆಯಿತು. ಒಂದು ಮುಂಜಾನೆ ವೈನಿಗೆ, "ಅದು ತಾ, ಅದು" ಎಂದ. ಅವಳು ಬನಿಯನ್ ತಂದಳು, ಬಾಚಣಿಗೆ ತಂದಳು, ಕನ್ನಡಕ ತಂದಳು. ಯಾವುದೂ ಅಲ್ಲ. ಅವಳಿಗೆ ನಗು ಬಂತು. "ರೈಟರ್ ಸಾಹೇಬ್ರಿಗೆ ಮನ್ಯಾಗ ಮಾತು ತುಟ್ಟಿ ಆಗ್ಯಾವ" ಎಂದಳು. ಅವನು ಹಿತ್ತಾಳೆ ತಂಬಿಗೆ ತಗೊಂಡು ಅವಳ ಬಾಯಿಗೆ ಹೊಡೆದ. ಮುಂದಿನ ಹಲ್ಲು ಮುರಿದು ನಾನು ನಾದಿಟ್ಟ ಹಿಟ್ಟಿನ ಹತ್ತಿರ ಬಿತ್ತು. ಹಿಟ್ಟಿನ ಮೇಲೆ ರಕ್ತ ಚಿಮ್ಮಿತ್ತು. ಅಷ್ಟೂ ಹಿಟ್ಟನ್ನು ತಿಪ್ಪೆಗೆ ಚೆಲ್ಲಿದೆ.

ವೈನಿಯ ತವರು ಅಫಜಲಪುರ. ಮರುದಿನ ಮಧ್ಯಾಹ್ನ ಅವಳ ಇಬ್ಬರು ಅಣ್ಣಂದಿರು ಬಂದರು. ಬಂದವರು ನೀರು ಕುಡಿಯಲಿಲ್ಲ, ಕೂಡಲಿಲ್ಲ. ಅಣ್ಣನ ಕೊರಳಪಟ್ಟಿ ಹಿಡಿದು ಅಂಗಳಕ್ಕೆ ಎಳೆದರು. ಒಬ್ಬ ಎದೆಯ ಮೇಲೆ ಕೂತ, ಇನ್ನೊಬ್ಬ ಚಪ್ಪಲಿಯಿಂದ ಮುಖಕ್ಕೆ ಹೊಡೆದ. ಪಕ್ಕೆಗೆ ಒದ್ದ. ಓಣಿಯ ಜನ ಕಟ್ಟೆಯ ಮೇಲೆ ನಿಂತು ನೋಡಿದರು. ಅಣ್ಣನ ಬಾಯಿಂದ, "ನಾ... ಅದು... ಅದು..." ಎಂಬುದು ಬಿಟ್ಟು ಬೇರೆ ಬರಲಿಲ್ಲ.

"ಕುಡದು ನಾಲಿಗಿ ಹೊಳ್ಳವಲ್ದು ನೋಡು ಮಗಂದು!" ಎಂದ ಎದೆಯ ಮೇಲೆ ಕೂತವನು. "ಹೆಂಗಸಿನ ಮ್ಯಾಲ ಕೈ ಹೊಳ್ಳತದೇನ್ಲೇ?"

ಅವ್ವ ನಡುವೆ ಬಿದ್ದು ಅವರ ಕಾಲು ಹಿಡಿದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವನು ಕುಡಿದಿಲ್ಲ, ಅವನಿಗೆ ಶಬ್ದ ಸಿಗುತ್ತಿಲ್ಲ, ಏನೋ ರೋಗ ಅದ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಣ್ಣ ನೆಲದ ಮೇಲಿಂದ ನನ್ನನ್ನೇ ನೋಡುತ್ತಿದ್ದ. ಹೇಳಬೇಡ ಎಂದು ನೋಡಿದನೋ, ಹೇಳು ಎಂದು ನೋಡಿದನೋ ನನಗೆ ಇಂದಿಗೂ ತಿಳಿದಿಲ್ಲ. ನಾನು ಹೇಳಲಿಲ್ಲ. ಅವರು ವೈನಿಯನ್ನು ಕರೆದುಕೊಂಡು ಹೋದರು. ನಾನು ಅಣ್ಣನ ತುಟಿಗೆ ಅರಿಸಿನ ಹಚ್ಚಿ, ಮರುದಿನ ಬೆಳಿಗ್ಗೆ ಮತ್ತೆ ಟೀಚರಿಗೆ ಫೋನು ಮಾಡಿದೆ.

ಹನ್ನೆರಡು ದಿನದ ಮೇಲೆ ವೈನಿ ತಾನೇ ಬಸ್ಸು ಹತ್ತಿ ತಿರುಗಿ ಬಂದಳು. "ಕುಡಿಯೋ ಮನಷ್ಯಾ ಅಲ್ಲ ಇಂವ. ಏನೋ ಅದ" ಎಂದಳು. ಅವಳಿಗೆ ಅಷ್ಟು ತಿಳಿದಿತ್ತು. ನನ್ನನ್ನು ಕೇಳಿದಳು ಕೂಡ. "ಗಂಡ ಹೆಂಡಿರ ನಡುವ ನಂದೇನದ ವೈನಿ?" ಎಂದು ಅವಳ ಬಾಯಿ ಮುಚ್ಚಿಸಿದೆ.

ಬಿಸಿಲು ಏರಿತು. ಅವನಿಗೆ ಬೆಳಿಗ್ಗೆ ತಲೆನೋವು, ವಾಂತಿ ಶುರುವಾಯಿತು. ಒಂದು ದಿನ ವೈನಿ ಬಟ್ಟೆ ಒಗೆಯುವಾಗ ಅವನ ಕಿಸೆಯಲ್ಲಿ ಚೀಟಿ ಸಿಕ್ಕಿತು. ಅವಳು ಒದ್ದೆ ಕೈಯಲ್ಲೇ ಅದನ್ನು ಹಿಡಿದು ಒಲೆಯ ಹತ್ತಿರ ಬಂದಳು.

"ಇದು ಶರಣವ್ವನ ಅಕ್ಷರ. ನಿಮ್ಮ ಪದಬಂಧ ದಿನಾ ಅಕಿ ಬರದು ಕೊಡ್ತಾಳೇನ್ರಿ?"

ಅಣ್ಣ ಅವಳ ಮಣಿಕಟ್ಟು ಹಿಡಿದು, ಕಾದ ಹಂಚಿನ ಮೇಲೆ ಅವಳ ಅಂಗೈ ಒತ್ತಿದ. ಆ ಚೀರಾಟವನ್ನು ಹೇಗೆ ಬರೆಯಬೇಕೋ ತಿಳಿಯದು. ಚರ್ಮ ಹಂಚಿಗೆ ಹತ್ತಿಕೊಂಡ ವಾಸನೆ ಬಂತು. ನಾನು ರೊಟ್ಟಿ ಬಡಿಯುವ ಕಟ್ಟಿಗೆಯ ಮಣೆ ಎರಡೂ ಕೈಯಲ್ಲಿ ಎತ್ತಿ ಅವನ ಕೈ ಮೇಲೆ ಹೊಡೆದೆ. ಅವನು ವೈನಿಯನ್ನು ಬಿಟ್ಟ. ಅಲ್ಲಿಗೆ ನಿಲ್ಲಿಸಬೇಕಿತ್ತು. ಅವನು ಗೋಡೆಗೆ ಆತು ಕೂತು, ಆ ಕೈಯನ್ನು ನೆಲಕ್ಕೆ ಊರಿದ್ದ. ನಾನು ಮತ್ತೆ ಹೊಡೆದೆ. ಮತ್ತೊಮ್ಮೆ ಹೊಡೆದೆ. ಕಟ್ ಎಂದಿದ್ದು ಕೇಳಿಸಿತು. ಮೊದಲಿನ ಏಟು ವೈನಿಗಾಗಿ. ಉಳಿದೆರಡು ನನ್ನ ಪಾಟಿಚೀಲಕ್ಕಾಗಿ. ಅವನ ಬರೆಯುವ ಕೈಗೇ ಹೊಡೆದೆ, ಅದು ಬರೆಯುವ ಕೈ ಎಂದು ಗೊತ್ತಿದ್ದೇ ಹೊಡೆದೆ.

ಆಮೇಲೆ ಅವನ ಕಣ್ಣು ಮೇಲೆ ಹೋಯಿತು. ಮೈ ಸೆಟೆದು ನೆಲಕ್ಕೆ ಬಿದ್ದು ಒದ್ದಾಡತೊಡಗಿದ. ಬಾಯಲ್ಲಿ ನೊರೆ ಬಂತು, ನಾಲಿಗೆ ಕಚ್ಚಿಕೊಂಡ. ಅವ್ವ ಹಿತ್ತಲಿನಿಂದ ಓಡಿ ಬಂದು, "ಏನಾತಬೇ?" ಎಂದಳು.

"ಫಿಟ್ಸ್ ಬಂದು ಬಿದ್ದ" ಎಂದೆ. ವೈನಿ ಸುಟ್ಟ ಕೈಯನ್ನು ನೀರಿನ ಕೊಡದಲ್ಲಿ ಅದ್ದಿಕೊಂಡು ನನ್ನನ್ನು ನೋಡಿದಳು.

ಕಲಬುರಗಿಯ ಆಸ್ಪತ್ರೆಯಲ್ಲಿ ಅವನನ್ನು ಮಂಚಕ್ಕೆ ಕಟ್ಟಿದರು. ಎಚ್ಚರವಾದಾಗಲೆಲ್ಲ ಸಲೈನಿನ ಸೂಜಿ ಕಿತ್ತು ಒಗೆಯುತ್ತಿದ್ದ. ನೀರು ಕುಡಿಸಲು ಹೋದ ನನ್ನ ಮುಂಗೈ ಕಚ್ಚಿದ. ಹಲ್ಲಿನ ಗುರುತು ಇನ್ನೂ ಇದೆ. ತಲೆಯ ಎಡಗಡೆ ನೆಲ್ಲಿಕಾಯಿಗಿಂತ ದೊಡ್ಡ ಗಡ್ಡೆ ಇದೆ ಎಂದು ಸ್ಕ್ಯಾನಿನ ಫೋಟೋದಲ್ಲಿ ಬಂತು. ಮಾತಿನ ಜಾಗವೂ ಸಿಟ್ಟು ತಡೆಯುವ ಜಾಗವೂ ಅಲ್ಲೇ ಹತ್ತಿರ ಇರುತ್ತವೆಯಂತೆ.

ಡಾಕ್ಟರ್ ವಯಸ್ಸಾದವರು. "ಎಷ್ಟು ದಿನದಿಂದ ಹಿಂಗ ಮಾತು ತಪ್ಪಾಕತ್ತದ?" ಎಂದು ಕೇಳಿದರು. ವೈನಿ, ಅವ್ವ ನನ್ನ ಕಡೆ ನೋಡಿದರು.

"ಎಂಟು ದಿನ ಆತ್ರಿ" ಎಂದೆ.

ಅವರು ಫೋಟೋ ಮತ್ತೆ ನೋಡಿದರು. "ಎಂಟೇ ದಿನದಾಗ ಇಷ್ಟು ಕೆಟ್ಟದ ಅಂದ್ರ ಇದು ಜೋರಾಗಿ ಬೆಳೆಯೋ ಜಾತಿ ಇರಬಹುದು. ಆಪರೇಷನ್ ಮಾಡಿದ್ರೂ ಎಷ್ಟು ಉಪಯೋಗ ಆಗ್ತದೋ ನಾನೀಗ ಹೇಳಾಕ ಬರಂಗಿಲ್ಲ. ಮನ್ಯಾಗ ವಿಚಾರ ಮಾಡ್ರಿ."

ಹೊರಗೆ ಬಂದು ಮರದ ಬಾಂಕಿನ ಮೇಲೆ ಕೂತೆವು. ವೈನಿಯ ಅಣ್ಣಂದಿರೂ ಬಂದಿದ್ದರು. ಹೊಡೆದ ಕೈಗಳನ್ನು ತೊಡೆಯ ಸಂದಿಯಲ್ಲಿ ಇಟ್ಟುಕೊಂಡು ಕೂತಿದ್ದರು. ದೊಡ್ಡವನು ಅಳುತ್ತ, "ಇದರಾಗ ಮತ್ತ ತಲಿ ಕೊಯ್ಸೋದು ಯಾಕ? ಮನಿಗೆ ಒಯ್ಯಮು. ನಮ್ಮ ಕಣ್ಣ ಮುಂದ ಶಾಂತ ಹೋಗ್ಲಿ" ಎಂದ. ಅವ್ವ ಒಪ್ಪಿಕೊಂಡಂತೆ ತಲೆ ಆಡಿಸಿದಳು. ನನ್ನ ಒಂದು ಸುಳ್ಳಿನಿಂದ ಅಣ್ಣನನ್ನು ಸಾಯಲು ಮನೆಗೆ ಒಯ್ಯುತ್ತಿದ್ದರು. ನಾನು ಅವ್ವನ ಮುಂದೆ ಹೋಗಿ ನಿಂತೆ.

"ಎಂಟು ದಿನ ಅಲ್ಲಬೇ ಅವ್ವ, ಐದು ತಿಂಗಳು. ನನಗ ಗೊತ್ತಿತ್ತು. ಲಿಂಗದ ಮ್ಯಾಲ ಕೈ ಇಡ್ಸಿ ಆಣಿ ತಗೊಂಡಿದ್ದ."

ಅವ್ವ ಎದ್ದು ನಿಂತು ಎಲ್ಲರ ಮುಂದೆ ನನ್ನ ಕಪಾಳಕ್ಕೆ ಹೊಡೆದಳು. ಎಪ್ಪತ್ತು ದಾಟಿದ ಕೈ. ಕಿವಿ ಗುಂಯ್ ಎಂದಿತು.

"ಲಿಂಗ ಕೊಟ್ಟಿದ್ದು ಬಾಯಿ ಮುಚ್ಚಾಕ ಅಲ್ಲಬೇ ರಂಡೆ! ಖರೆ ಹೇಳಾಕ ಕೊಟ್ಟಾರ. ನಡಿ ಒಳಗ, ಡಾಕ್ಟರಗ ಹೇಳು. ನಡಿ!"

ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಅಣ್ಣ ಬಾಗಿಲು ಎಂಬ ಶಬ್ದ ಮರೆತ ದಿನದಿಂದ ಹಿಡಿದು ಚೀಟಿಯವರೆಗೆ ಹೇಳಿದೆ. ಮಣೆಯ ಮಾತು ಮಾತ್ರ ಹೇಳಲಿಲ್ಲ. ಡಾಕ್ಟರ್ ಕನ್ನಡಕ ತೆಗೆದು, "ತಾಯಿ, ಇದು ಐದು ತಿಂಗಳ ಹಿಂದ ನನಗ ಬೇಕಿತ್ತು" ಎಂದರು. ಬೈಯಲಿಲ್ಲ. ಹಾಗಿದ್ದರೆ ನಿಧಾನ ಬೆಳೆಯುವ ಗಡ್ಡೆ ಇರಬಹುದು, ತೆಗೆಯಬಹುದು ಎಂದು ಸೊಲ್ಲಾಪುರಕ್ಕೆ ಚೀಟಿ ಬರೆದುಕೊಟ್ಟರು.

ಸೊಲ್ಲಾಪುರದಲ್ಲಿ ಆಪರೇಷನ್ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಮೂರರವರೆಗೆ ನಡೆಯಿತು. ಅಲ್ಲಿ ಮರಾಠಿ ಮಾತಾಡುವ ಒಬ್ಬ ಮುದುಕಿ ನನ್ನ ಪಕ್ಕದಲ್ಲಿ ಕೂತಿದ್ದಳು. ಅವಳ ಸೊಸೆ ಒಳಗಿದ್ದಳು. ಅವಳು ತನ್ನ ಭಾಕರಿ ಮುರಿದು ಅರ್ಧ ನನ್ನ ಉಡಿಗೆ ಹಾಕಿದಳು. ಬೇರೆಯವರು ಬಡಿದ ರೊಟ್ಟಿ ತಿಂದು ಎಷ್ಟೋ ವರ್ಷವಾಗಿತ್ತು. ವೈನಿ ಬ್ಯಾಂಡೇಜಿನ ಕೈ ಎದೆಗಿಟ್ಟುಕೊಂಡು ನನ್ನ ಹೆಗಲ ಮೇಲೆ ನಿದ್ದೆ ಹೋದಳು. ನನಗೆ ಅಲುಗಾಡಲು ಧೈರ್ಯವಾಗಲಿಲ್ಲ. ಆಸ್ಪತ್ರೆಯ ಬಾಂಕುಗಳ ಮೇಲೆ ಕೂತವರಿಗೆ ಇಂಥ ಸಣ್ಣ ಸಣ್ಣ ಕರುಣೆಗಳೇ ಆಧಾರ. ಆದರೆ ತಪ್ಪು ಮಾಡಿದವರಿಗೆ ಅವು ಮುಳ್ಳಿನಂತೆ ಚುಚ್ಚುತ್ತವೆ.

ಗಡ್ಡೆ ಕೆಟ್ಟ ಜಾತಿಯದಾಗಿರಲಿಲ್ಲ. ಅಣ್ಣ ಬದುಕಿದ. ಸಿಟ್ಟು ಗಡ್ಡೆಯ ಜೊತೆಗೇ ಹೋಯಿತು. ವೈನಿಯ ಅಂಗೈಯನ್ನು ಮೊದಲ ಸಲ ನೋಡಿದಾಗ ಅವನು ಎರಡು ದಿನ ಊಟ ಮಾಡಲಿಲ್ಲ. ಶಬ್ದಗಳು ತಿರುಗಿ ಬಂದವು, ಎಲ್ಲವೂ ಅಲ್ಲ. ಪದಬಂಧದಲ್ಲಿ ಮೂರು ನಾಲ್ಕು ತುಂಬುತ್ತಾನೆ, ಉಳಿದದ್ದಕ್ಕೆ ತಾನೇ ಟೀಚರಿಗೆ ಫೋನು ಮಾಡಿ ಕೇಳುತ್ತಾನೆ. ನಾಚಿಕೆ ಇಲ್ಲ ಈಗ. ಆದರೆ ಬಲಗೈಯ ಮಣಿಕಟ್ಟು ಸೊಟ್ಟ ಕೂಡಿಕೊಂಡಿದೆ. ಎರಡು ಬೆರಳು ಮಡಚುವುದಿಲ್ಲ. ವ್ಯಾಯಾಮಕ್ಕೆಂದು ನಾನು ದಿನಾ ಒಂದು ಹಿಡಿ ನಾದಿದ ಹಿಟ್ಟು ಅವನ ಕೈಗೆ ಕೊಡುತ್ತೇನೆ, ಅವನು ಹಿಸುಕುತ್ತ ಕೂಡುತ್ತಾನೆ. ಪೆನ್ನು ಹಿಡಿದರೆ ಅಕ್ಷರಗಳು ಜಾರುತ್ತವೆ. ಪತ್ರ ಬರೆಯುವುದು ನಿಂತಿತು. ಮೇಜು ಬೇರೆಯವರು ತಗೊಂಡರು.

"ಬಿದ್ದಾಗ ಹ್ಯಾಂಗ ಬಿದ್ದೆನೋ, ಕೈನೇ ಮುರೀತು ನೋಡು" ಎನ್ನುತ್ತಿದ್ದ. ಎಲ್ಲರೂ ಹೌದೆನ್ನುತ್ತಿದ್ದರು. ವೈನಿ ಒಂದು ದಿನ ಒಲೆಯ ಹತ್ತಿರ ಬಂದು, "ನೀ ಅವತ್ತು ಮಣಿ ಎತ್ತದಿದ್ದರ ನಾ ಇರ್ತಿದ್ದಿಲ್ಲ. ಅದಕ್ಕ ನಾ ಬಾಯಿ ಬಿಟ್ಟಿಲ್ಲ. ಆದ್ರ ಮೂರು ಸಲ ಯಾಕ ಎತ್ತಿದಿ? ಅದು ನನಗ ಬ್ಯಾಡ, ಅವ್ರಿಗೆ ಹೇಳು" ಎಂದಳು. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಒಂದು ವರ್ಷ ಹೋಯಿತು.

ಮೊನ್ನೆ ಅಣ್ಣ, ಟೀಚರಿಗೆ ಕಾಣಿಕೆಯೆಂದು ಶೇಂಗಾ ಹೋಳಿಗೆ ಕಟ್ಟಿಸಿಕೊಂಡು ನನ್ನನ್ನು ಜೇವರ್ಗಿಗೆ ಕರೆದುಕೊಂಡು ಹೋದ. ಮಧ್ಯಾಹ್ನದ ಹೊತ್ತು. ಟೀಚರ್ ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂಡಿಸಿದರು. ಅಣ್ಣ ನಿಧಾನವಾಗಿ, ಶಬ್ದ ಹುಡುಕಿ ಹುಡುಕಿ ಮಾತಾಡಿದ.

"ಟೀಚರ್, ಇಕಿ ನನ್ನ ತಂಗಿ ಅಲ್ರಿ. ತಾಯಿ. ನನ್ನ ಮರ್ಯಾದಿ ಉಳಿಸ್ಯಾಳ, ಜೀವ ಉಳಿಸ್ಯಾಳ. ನಾ ಇಕಿನ ಸಾಲಿ ತಿಂದೆ. ಆದ್ರ ಇಕಿ ನನಗ ಒಂದು ದಿನ... ಒಂದು ದಿನ..." ಶಬ್ದ ಸಿಗಲಿಲ್ಲ. ಸೊಟ್ಟ ಕೈ ಎತ್ತಿ ನನ್ನ ತಲೆ ಮುಟ್ಟಿದ.

ಟೀಚರ್ ನನ್ನ ಮುಖ ನೋಡುತ್ತಿದ್ದರು. "ಶರಣವ್ವ," ಎಂದರು, "ನಾ ಎರಡು ಸಲ ಕೇಳೀನಿ ನಿನಗ. ಮೂರನೇ ಸಲ ಕೇಳಂಗಿಲ್ಲ."

ನಾನು ಕುರ್ಚಿಯಿಂದ ಇಳಿದು ಅಣ್ಣನ ಕಾಲ ಹತ್ತಿರ ನೆಲದ ಮೇಲೆ ಕೂತೆ. ತಲೆಯ ಮೇಲಿದ್ದ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಅಣ್ಣ, ನೀ ಬಿದ್ದು ಕೈ ಮುರದಿಲ್ಲ. ನಾ ಮುರದೇನಿ. ರೊಟ್ಟಿ ಮಣಿಯಿಂದ ಮೂರು ಸಲ ಹೊಡದೇನಿ. ಒಂದು ವೈನಿನ ಬಿಡಸಾಕ, ಎರಡು ನನ್ನ ಹೊಟ್ಟಿಕಿಚ್ಚಿಗೆ. ನೀ ಆಗ ಅಕಿನ ಬಿಟ್ಟಿದ್ದಿ, ಸುಮ್ಮ ಕೂತಿದ್ದಿ. ನಿನ್ನ ಶಬ್ದ ಹೋಗಾಕತ್ತಿದ್ದು ನನಗ ಗೊತ್ತಿತ್ತು. ಆಣಿಗೆ ಅಂಜಿ ಸುಮ್ನಿದ್ದೆ ಅಂತ ಎಲ್ಲಾರಿಗೂ ಹೇಳೇನಿ. ಖರೆ ಅಂದ್ರ, ನೀ ನನ್ನ ಮುಂದ ಕೈ ಚಾಚೋದು ನೋಡಾಕ ನನಗ ಚಲೋ ಅನಸ್ತಿತ್ತು. ಅಂಗಳದಾಗ ನಿನ್ನ ಹೊಡಿವಾಗನೂ ನಾ ಬಾಯಿ ತೆರೀಲಿಲ್ಲ. ನನ್ನದು ತಪ್ಪಾತಣ್ಣ. ಬರಿಯೋ ಕೈ ಕಸಗೊಂಡೆ ನಿಂದು. ತಪ್ಪಾತು."